ಎರಡು ಜನರೇಟರ್, ಒಂದೇ ಸ್ವಿಚ್

ಗೆಳೆಯರೇ, ಇವತ್ತು ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮ್‌ನಲ್ಲಿ ಜಗಳವಾಡಿ ಬಂದೆ. ಕರೆಂಟ್ ಹೋದರೂ ಆಪರೇಷನ್ ಥಿಯೇಟರ್ ನಡೆಯುತ್ತದೆ ಎಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ.

ಮ್ಯಾನೇಜರ್ ಕಾಗದ ಮುಂದಿಟ್ಟರು. "ಎರಡು ಜನರೇಟರ್ ಇದೆ ಮೇಡಂ. ಒಂದು ಕೈಕೊಟ್ರೆ ಇನ್ನೊಂದು. ಸೈನ್ ಮಾಡಿ."

"ಎರಡರ ಕರೆಂಟೂ ಮೇನ್‌ನಿಂದ ಜನರೇಟರ್‌ಗೆ ಬದಲಾಯಿಸೋ ಈ ಒಂದೇ ಚೇಂಜ್‌ಓವರ್ ಸ್ವಿಚ್ ದಾಟಿ ಬರ್ಬೇಕಲ್ಲ ಸಾರ್? ಅದೇ ಕೈಕೊಟ್ರೆ?"

"ಆರು ವರ್ಷದಿಂದ ಏನೂ ಆಗಿಲ್ಲ."

"ಹಾಗಾದ್ರೆ ಈಗ ನೋಡೇಬಿಡೋಣ. ಥಿಯೇಟರಿನ ಮೇನ್ ಆಫ್ ಮಾಡ್ಸಿ."

ಹನ್ನೊಂದಕ್ಕೆ ಆಪರೇಷನ್ ಇದೆ ಎಂದು ಅವರು ಸಿಡುಕಿದರು. ಅದಕ್ಕೇ ಈಗಲೇ ನೋಡಬೇಕು ಎಂದು ನಾನು ಪಟ್ಟು ಹಿಡಿದೆ. ಥಿಯೇಟರ್ ಖಾಲಿಯಿದೆ ಎಂದು ಖಚಿತ ಮಾಡಿಕೊಂಡು ಆಫ್ ಮಾಡಿಸಿದೆ. ಜನರೇಟರ್‌ಗಳೆರಡೂ ಗುಡುಗುಡು ಎಂದು ಶುರುವಾದವು. ದೀಪ ಮಾತ್ರ ಹತ್ತಲಿಲ್ಲ. ಸ್ವಿಚ್ ತುಕ್ಕು ಹಿಡಿದು ಅಲ್ಲಾಡದೆ ಕೂತಿತ್ತು.

ಸದ್ದು ಕೇಳಿ ಬಂದ ಸರ್ಜನ್ ಕತ್ತಲೆಯ ಥಿಯೇಟರಿನತ್ತ ನೋಡಿದರು. "ಇವತ್ತು ಆಪರೇಷನ್ ಬೇಡ. ಒಂದೊಂದು ಜನರೇಟರ್‌ಗೂ ಬೇರೆ ಬೇರೆ ಸ್ವಿಚ್ ಹಾಕ್ಸಿ," ಎಂದರು.

ನಾನು ಸಹಿ ಹಾಕದೆ ಕಾಗದ ವಾಪಸ್ ಕೊಟ್ಟೆ. ಮ್ಯಾನೇಜರ್ ಗೊಣಗಿದರು: "ನೀವು ಬರೋ ತನಕ ಎಲ್ಲಾ ಚೆನ್ನಾಗೇ ಇತ್ತು ಮೇಡಂ."