ದುರುಗಪ್ಪನಿಗೆ ತುಟಿಬಣ್ಣ

ನಾಗೋಯಾದ ಒಂದು ನೆಲಮಾಳಿಗೆಗೆ ಇಳಿದಾಗ ಮೂವರು ಗಂಡಸರು ಕನ್ನಡಿಯ ಮುಂದೆ ಕೂತು ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಒಬ್ಬ ಲಂಗ ತೊಟ್ಟಿದ್ದ. ಹೊರಗೆ ಟಿಕೆಟ್ ಹಿಡಿದ ಹುಡುಗಿಯರ ಸಾಲು ರಸ್ತೆ ಮುಟ್ಟಿತ್ತು. ನನಗೆ ನಗು ಬರಲಿಲ್ಲ, ಹೊಟ್ಟೆ ಉರಿಯಿತು. ಇಲ್ಲಿ ಗಂಡಸರು ಹೆಣ್ಣಿನ ವೇಷದಲ್ಲಿ ನಿಂತರೆ ಚಪ್ಪಾಳೆ. ಸಿಂಧನೂರಿನಲ್ಲಿ ನಾನು ಡ್ರಮ್ ಬಾರಿಸಲು ಗಂಡಸರ ಟೋಪಿ ಹಾಕಿಕೊಳ್ಳಬೇಕಾಗಿತ್ತು.

ಅಲ್ಲಿ ನನ್ನ ಕಾಕಾ ದುರುಗಪ್ಪನದು ಮದುವೆಯ ಬ್ಯಾಂಡ್. ಒಮ್ಮೆ ಮಸ್ಕಿಯ ಮೆರವಣಿಗೆಗೆ ಡ್ರಮ್ಮಿನವನು ಕೈಕೊಟ್ಟ. ಕೂದಲನ್ನು ಟೋಪಿಯೊಳಗೆ ತುರುಕಿಕೊಂಡು ನಾನೇ ಬಾರಿಸಿದೆ. ಬೀಗರು ಖುಷಿಯಾಗಿ, ಬಾರಿಸಿದವರ ಹೆಸರು ಮೈಕಿನಲ್ಲಿ ಕೂಗಬೇಕು ಎಂದರು. ಹುಲಿಗೆಮ್ಮ ಎಂಬ ನನ್ನ ಹೆಸರು ಹೇಳಲು ಕಾಕಾನಿಗೆ ಬಾಯಿ ಬರಲಿಲ್ಲ. "ನಮ್ಮ ಹುಡುಗ ಅದಾನ್ರೀ" ಎಂದ. ಮನೆಗೆ ಬಂದು ಡ್ರಮ್ ಕಸಿದುಕೊಂಡ. "ಹೆಣ್ಣಮಕ್ಕಳ ಹೆಸರು ಮೈಕಿನ್ಯಾಗ ಕೂಗಿಸಿದ್ರ ನನ್ನ ಮರ್ಯಾದಿ ಉಳೀತೈತೇನಲೇ?" ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಲಿಂಗಸುಗೂರಿನಲ್ಲಿ ನರ್ಸಿಂಗ್ ಓದಿ, ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಜಪಾನಿಗೆ ಬಂದೆ. ಜೋಳದ ಹಿಟ್ಟಿಲ್ಲ. ಅನ್ನವೂ ಅಂಟಂಟು, ಸೋನಾ ಮಸೂರಿ ಉಂಡವರ ಗಂಟಲಲ್ಲಿ ಇಳಿಯದು. ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯ ಸೀನು ಕೇಳುತ್ತದೆ, ಸೀನಿದವರ ಮುಖ ಮಾತ್ರ ಇವತ್ತಿಗೂ ಕಂಡಿಲ್ಲ. ಸಿಂಧನೂರಿನಲ್ಲಿ ಒಂಟಿಯಾಗಿರಲು ಜಾಗ ಹುಡುಕಬೇಕಿತ್ತು. ಇಲ್ಲಿ ಊಟದ ಕಡ್ಡಿಗಳಿಂದ ದಿಂಬು ಬಾರಿಸುತ್ತಾ ಅಳುತ್ತಿದ್ದೆ. ಕೆಲಸದ ಬಿಡುವಿನಲ್ಲಿ ಮೇಜು ಬಾರಿಸುವುದನ್ನು ಕಂಡ ಗೆಳತಿ ಯೂಕಿ, ತನ್ನ ಅಣ್ಣ ರೆನ್‌ನ ತಂಡಕ್ಕೆ ಡ್ರಮ್ಮಿನವರು ಬೇಕೆಂದು ಆ ನೆಲಮಾಳಿಗೆಗೆ ಕರೆದೊಯ್ದಿದ್ದಳು.

ಇವರ ಸಂಗೀತಕ್ಕೆ ವಿಜುವಲ್ ಕೇ ಎನ್ನುತ್ತಾರೆ. ಹಾಡಿನಷ್ಟೇ ವೇಷವೂ ಮುಖ್ಯವಾದ ರಾಕ್ ಅದು. ಹೆತ್ತವರಿಟ್ಟ ಹೆಸರಿನಲ್ಲಿ ವೇದಿಕೆ ಹತ್ತುವವರು ಕಡಿಮೆ. ನಿನ್ನನ್ನು ಏನೆಂದು ಕರೆಯೋಣ ಎಂದು ರೆನ್ ಕೇಳಿದಾಗ, ಯೋಚಿಸದೆ "ದುರುಗಪ್ಪ" ಎಂದೆ. ಕಾಕಾನ ಮರ್ಯಾದೆಗೆ ತುಟಿಬಣ್ಣ ಬಳಿದು, ಲಂಗ ಉಡಿಸಿ, ಪೋಸ್ಟರಿನಲ್ಲಿ ನಿಲ್ಲಿಸಬೇಕೆಂಬ ಹಟ ನನಗೆ.

ನಿಲ್ಲಿಸಿದೆ. ಸಣ್ಣ ಸಭಾಂಗಣಗಳಿಂದ ಶುರುಮಾಡಿ, ವ್ಯಾನಿನಲ್ಲಿ ಒಸಾಕಾ, ಟೋಕಿಯೊ ತಿರುಗಿದೆವು. ಒಂದು ಆಲ್ಬಂ ಬಂತು. ಹುಡುಗಿಯರು ಒಟ್ಟಿಗೆ ತಲೆ ಬೀಸುತ್ತಾ "ದುರುಗಪ್ಪಾ!" ಎಂದು ಚೀರುವ ವಿಡಿಯೊವನ್ನು ಕಾಕಾನಿಗೆ ಕಳಿಸಿದೆ, ಉರಿದುಕೊಳ್ಳಲಿ ಎಂದು.

ಅವನು ಕುಣಿದಾಡಿದ. ತನ್ನ ಬ್ಯಾಂಡಿನ ಅಂಗಡಿಗೆ ‘ಜಪಾನ್ ಖ್ಯಾತಿಯ ದುರುಗಪ್ಪ ಬ್ಯಾಂಡ್’ ಎಂದು ಬೋರ್ಡು ಬರೆಸಿದ. ಜಪಾನಿಗೆ ಹೋಗಿ ಬಾರಿಸಿ ಬಂದದ್ದು ತಾನೇ, ಬಣ್ಣದ ಕೆಳಗಿನ ಮುಖ ತನ್ನದೇ ಎಂದು ಗಿರಾಕಿಗಳನ್ನು ನಂಬಿಸಿದ. ಎರಡನೇ ಸಲವೂ ನನ್ನ ಕೈಚಳಕ ಅವನ ಪಾಲಾಯಿತು.

ಕೊನೆಗೆ ಹಾಡುವವನ ಗಂಟಲು ಕೆಟ್ಟಿತು, ರೆನ್ ಅಪ್ಪನ ಅಂಗಡಿ ಹಿಡಿದ. ತಂಡ ಮುಗಿಸುವುದಕ್ಕೆ ಇಲ್ಲಿ ಕೈಸಾನ್ ಎನ್ನುತ್ತಾರೆ, ಅದಕ್ಕೂ ಒಂದು ಕಾರ್ಯಕ್ರಮ. ಒಬ್ಬೊಬ್ಬರೂ ತಮ್ಮ ವೇದಿಕೆಯ ಹೆಸರಿಗೆ ವಿದಾಯ ಹೇಳಿದೆವು. ನಾನು ಜಪಾನಿಯಲ್ಲಿ ಹೇಳಿ, ಆಮೇಲೆ ಬೇಕೆಂದೇ ಕನ್ನಡದಲ್ಲೂ ಹೇಳಿದೆ: "ದುರುಗಪ್ಪ ಇನ್ನಿಲ್ಲ." ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಆ ವಿಡಿಯೊವನ್ನು ಮಸ್ಕಿ, ಲಿಂಗಸುಗೂರಿನ ನೆಂಟರಿಗೆಲ್ಲ ಕಳಿಸಿದೆ.

ಮರುದಿನ ಸಭಾಂಗಣದಿಂದ ಡ್ರಮ್ ತರಲು ಹೋದಾಗ ಕಾಕಾನ ಫೋನ್ ಬಂತು.

"ಲೇ, ನಾ ಸತ್ತೀನಂತ ಸುದ್ದಿ ಹಬ್ಬೈತಿ! ತುರ್ವಿಹಾಳದ ಮದುವಿಯವ್ರು ಬ್ಯಾರೆ ಬ್ಯಾಂಡ್ ನೋಡಾಕತ್ತಾರ!"

"ಜೀವಂತ ಅದೀನಿ ಅಂತ ಹೇಳು, ಕಾಕಾ."

"ಹೇಳಿದ್ರ, ಅಲ್ಲಿ ಬಾರಸ್ತಿದ್ದಾಂವ ಯಾರು ಅಂತ ಕೇಳಾಕತ್ತಾರ. ಇಲ್ಲೇ ಅಂಗಡ್ಯಾಗ ಕುಂತಾರ."

"ಯಾರು, ಕಾಕಾ?"

ಫೋನಿನಿಂದ ಬಾಯಿ ಸರಿಸಿದ. ಆಮೇಲೆ ಅಲ್ಲಿ ಕೂತವರಿಗೆ ಗೊಣಗಿದ್ದು ಕೇಳಿಸಿತು. "ಅದು... ನಮ್ಮ ಹುಲಿಗೆಮ್ಮ ಬಾರಿಸ್ಯಾಳ್ರೀ."

ಸಭಾಂಗಣದ ಬಾಗಿಲಾಚೆ ಇಬ್ಬರು ಹುಡುಗಿಯರು ಹೂ ಹಿಡಿದು ಇನ್ನೂ "ದುರುಗಪ್ಪಾ" ಎಂದು ಕರೆಯುತ್ತಿದ್ದರು. ನನ್ನನ್ನು ಅಷ್ಟು ಪ್ರೀತಿಯಿಂದ ಕರೆದವರು ಇಲ್ಲಿಯವರೇ, ಕರೆದದ್ದು ಮಾತ್ರ ನನ್ನ ಹೆಸರಲ್ಲ. ಅವರತ್ತ ಕೈ ಎತ್ತಿದೆ. ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಕೇಳಸ್ಲಿಲ್ಲ ಕಾಕಾ" ಎಂದೆ. "ಮೈಕ್ ಹಚ್ಚಿ ಹೇಳು."