ಮೋಡ ಓಡಿಸಿದ್ದು ಯಾರು

ಮುಶಿಗೇರಿಯ ದಿಬ್ಬದ ಮೇಲೆ ನಿಂತ ಗಾಳಿಯಂತ್ರಕ್ಕೆ ಮೂರು ರೆಕ್ಕೆ. ಸಂಜೆ ಅವುಗಳ ನೆರಳು ಹೆಸರುಕಾಳಿನ ಹೊಲಗಳ ಮೇಲೆ ಒಂದಾದ ಮೇಲೊಂದು ಹಾಯುತ್ತದೆ, ಯಾರೋ ನಿದ್ದೆಯಲ್ಲಿ ಕೈಯಾಡಿಸಿದ ಹಾಗೆ. ಕೆಳಗಿನ ತಗಡಿನ ಶೆಡ್ಡಿನಲ್ಲಿ ಮಲಿಕಸಾಬರು ಕಾವಲಿರುತ್ತಾರೆ.

ಅದಕ್ಕೂ ಮೊದಲು ಇಪ್ಪತ್ತೆಂಟು ವರ್ಷ ಅವರು ರೋಣದಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿದವರು. ಕೆಟ್ಟ ಪಂಪಿನಲ್ಲಿ ಒಮ್ಮೆಗೆ ಒಂದೇ ಭಾಗ ಬದಲಿಸಿ ಓಡಿಸಿ ನೋಡುತ್ತಿದ್ದರು. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂದು ತಿಳಿಯುವುದಿಲ್ಲ. ಮಂದಿಯ ಮಾತನ್ನೂ ಬಿಚ್ಚಿ ನೋಡುವ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು.

ಹೋದ ವರ್ಷ ಯಂತ್ರ ಬಂತು. ಅದೇ ವರ್ಷ ಮಳೆ ಕಡಿಮೆಯಾಯಿತು. ಫ್ಯಾನು ಮೋಡ ಓಡಿಸುತ್ತದೆ ಎಂದು ಊರು ತೀರ್ಮಾನಿಸಿತು. ದಿಬ್ಬದ ಕೆಳಗೇ ಹೊಲವಿರುವ ಅಂದಾನಪ್ಪ, ಮಲಿಕಸಾಬರ ಶಾಲೆಯ ದಿನಗಳ ಗೆಳೆಯ, ಒಂದು ಸಂಜೆ ಬಂದವರು ಶೆಡ್ಡಿನ ಬಾಗಿಲಲ್ಲೇ ನಿಂತರು.

“ಫ್ಯಾನ ಬಂತು, ಮಳಿ ಹೋತು. ಇನ್ನೇನ ಸಾಕ್ಷಿ ಬೇಕು ನಿನಗ?”

“ಅದೇ ವರ್ಷ ನಿನ್ನ ಮನಿಗೆ ಟಿವಿನೂ ಬಂತಲ್ಲೋ. ಅದೂ ಓಡಿಸಿರಬೇಕು,” ಎಂದರು ಮಲಿಕಸಾಬರು.

“ಊರ ಮಂದಿಯೆಲ್ಲಾ ಅಂತಾರ.”

“ಮಂದಿ ಎಷ್ಟ ಅಂದ್ರೂ ಮೋಡಕ್ಕ ಕೇಳಸೂದಿಲ್ಲ.”

“ನೀ ಕಂಪನಿ ಪಗಾರ ತಿಂತಿ. ಅದಕ್ಕ ಹಿಂಗಂತಿ.”

“ಪಗಾರ ತಿನ್ನೂದು ಖರೇ. ಅಷ್ಟಕ್ಕ ನನ್ನ ಮಾತು ಸುಳ್ಳಾಗತೈತೇನು? ಮಾತ ನೋಡೋ, ಬಾಯಿ ನೋಡಬ್ಯಾಡ.”

ಅಂದಾನಪ್ಪ ತಿರುಗಿ ನಡೆದರು. ಮತ್ತೆ ಬರಲಿಲ್ಲ. ದಿನವೂ ಇಬ್ಬರಿಗೆಂದು ಚಹಾ ಕಾಸುತ್ತಿದ್ದ ಮಲಿಕಸಾಬರು ಒಬ್ಬರಿಗಷ್ಟೇ ಕಾಸತೊಡಗಿದರು. ವಾದದಲ್ಲಿ ಅವರು ಸೋತಿರಲಿಲ್ಲ. ಆದರೆ ಅವರಿಗೆ ಬೇಕಾಗಿದ್ದುದು ಗೆಳೆಯ.

ಈ ಜೂನ್‌ನಲ್ಲಿ ರೆಕ್ಕೆ ತಿರುಗುತ್ತಿರುವಾಗಲೇ ಮಳೆ ಬಂತು. ಮೊದಲು ಗಜೇಂದ್ರಗಡದ ಗುಡ್ಡ ಮಸುಕಾಯಿತು, ಆಮೇಲೆ ಹೊಲಗಳು ಕರಗಿದವು. ರೆಕ್ಕೆಗಳು ಬೂದು ನೀರಿನಲ್ಲಿ ನಿಧಾನವಾಗಿ ಈಸುತ್ತಿದ್ದವು. ಬುತ್ತಿ ತಂದಿದ್ದ ಹೆಂಡತಿ ಮದರಬಿ ಹೇಳಿದರು: “ಈಗರ ಹೋಗಿ ಹೇಳ್ರಿ, ಫ್ಯಾನ ತಿರಗಾಕತ್ತಿದ್ರೂ ಮಳಿ ಬಂತ ಅಂತ.”

ಮಲಿಕಸಾಬರು ಛತ್ರಿ ಹಿಡಿದು ಅರ್ಧ ದಾರಿ ಇಳಿಯುವಷ್ಟರಲ್ಲಿ ಅಂದಾನಪ್ಪನವರೇ ಎದುರಿಗೆ ಬಂದರು, ತಲೆಯ ಮೇಲೆ ಮಡಚಿದ ಗೋಣಿಚೀಲ ಹೊದ್ದು.

“ತಪ್ಪಾತು ದೋಸ್ತ. ನಿನ್ನ ಫ್ಯಾನ ಮಳಿ ಎಳಕೊಂಡ ಬಂತು.”

ಹೂಂ ಎಂದರೆ ಗೆಳೆತನ ಮರಳಿ ಸಿಗುತ್ತಿತ್ತು. ಮಲಿಕಸಾಬರು ಅಡ್ಡಡ್ಡ ತಲೆಯಾಡಿಸಿದರು.

“ಇಲ್ಲೋ. ಹೋದ ವರ್ಷದ ತಪ್ಪೇ ಇದು, ಮಗ್ಗಲಾ ಬದಲಿಸೇತಿ. ಫ್ಯಾನ ತಂತು ಅನ್ನಾಕ ಏನೈತಿ? ಅದು ತಿರಗಿದ್ರೂ ಮಳಿ ಬರತೈತಿ, ಇಷ್ಟ ಗೊತ್ತಾತು ಇವತ್ತ.”

ಅಂದಾನಪ್ಪ ಅವರ ಮುಖವನ್ನೇ ನೋಡಿದರು. “ನಿನ್ನ ಕಡೆ ಮಾತಾಡಿದ್ರೂ ಬಿಡೂದಿಲ್ಲಲ್ಲೋ ನೀ. ಪಗಾರದ ಸಲುವಾಗಿ ಮಾತಾಡಾವ ಹಿಂಗ ಅಂತಿದ್ದಿಲ್ಲ.”

ಆ ಮಾತಿನಲ್ಲೂ ಒಂದು ಸಣ್ಣ ಕೊರತೆಯಿತ್ತು: ಅಂದಾನಪ್ಪ ಈಗಲೂ ಮಾತಿಗಿಂತ ಬಾಯಿಯನ್ನೇ ನೋಡಿದ್ದರು. ಮಲಿಕಸಾಬರು ಅದನ್ನು ಎತ್ತಿ ಹೇಳಲಿಲ್ಲ. ಚೂರು ಸರಿದು ಛತ್ರಿಯಡಿ ಜಾಗ ಮಾಡಿದರು.