ನೂರಾಒಂದು ರೂಪಾಯಿಯ ಮರ್ಯಾದೆ

ನನ್ನ ಹೆಸರು ಮುಂಬೈಯ ಯಾವುದೋ ಕಂಪ್ಯೂಟರಿನಲ್ಲಿದೆ ಎಂದು ಬ್ಯಾಂಕಿನ ಮ್ಯಾನೇಜರು ಹೇಳಿದಾಗ ಮೊದಲ ಗಳಿಗೆ ನನಗೆ ಹೆಮ್ಮೆಯೇ ಆಯಿತು. ಹುಕ್ಕೇರಿಯ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ ಹೆಂಗಸಿನ ಹೆಸರು ಅಷ್ಟು ದೂರ ಹೋಗಿದೆಯೆಂದರೆ ಸಣ್ಣ ಮಾತೇ? ಹೆಸರಿನ ಮುಂದೆ ಏನು ಬರೆದಿದೆ ಎಂದು ಅವರು ಓದಿ ಹೇಳಿದ ಮೇಲೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಸಾಲ ತೀರಿಸದವಳು ಎಂದು ಬರೆದಿತ್ತು. ಕ್ರೆಡಿಟ್ ಕಾರ್ಡಿನ ಮೇಲೆ ಇಪ್ಪತ್ತಾರು ಸಾವಿರ ಬಾಕಿ. ಆದ್ದರಿಂದ ನಾನು ಕೇಳಿದ ಮನೆಸಾಲ ಸಿಗುವುದಿಲ್ಲ.

ಯಾವ ಮನೆ ಅಂತೀರಾ? ನಾವು ಹದಿನೆಂಟು ವರ್ಷ ಬಾಡಿಗೆಗಿದ್ದ ಮನೆಯೇ. ಮಹಡಿ ಇಲ್ಲ, ಅಂದಚಂದ ಇಲ್ಲ, ಮಳೆಗಾಲದಲ್ಲಿ ಒಂದು ಮೂಲೆ ತಪ್ಪದೆ ಸೋರುತ್ತಿತ್ತು. ಆದರೆ ಎಲ್ಲಿ ಸೋರುತ್ತದೆ ಎಂದು ನನಗೆ ಗೊತ್ತಿತ್ತು, ಯಾವ ಪಾತ್ರೆ ಇಡಬೇಕೆಂದೂ ಗೊತ್ತಿತ್ತು. ಮಾಲಕರು ಜೈನರ ಪೈಕಿ ಹಿರಿಯ ವ್ಯಾಪಾರಿ, ಓಣಿಗೆಲ್ಲ ಕಾಕಾ. ಕಾಳಿನ ಅಂಗಡಿ ಮುಚ್ಚಿ ಸಾಂಗಲಿಯಲ್ಲಿ ಮಗಳ ಮನೆ ಹತ್ತಿರ ನೆಲೆಸುವ ವಿಚಾರ ಮಾಡಿದ್ದರು. ಒಂದು ದಿನ ಬಂದು ಕೂತು, ನೀರು ಕುಡಿದು, "ಅಕ್ಕಾರ, ಹೊರಗಿನವರು ಹೆಚ್ಚಿಗಿ ಕೊಡ್ತೀವಿ ಅಂತಾರ. ಆದ್ರ ಈ ಮನಿ ನೀವ ತಗೋರಿ. ದೀಪಾವಳಿ ಪಾಡ್ಯಾಕ ರೊಕ್ಕ ಕೈಗಿ ಬಂದ್ರ ಸಾಕು" ಎಂದರು. ನಮ್ಮವರದು ಪೈಪು, ಮೋಟರಿನ ಸಣ್ಣ ಅಂಗಡಿ. ಸಾಲ ಸಿಗುವುದಿದ್ದರೆ ನನ್ನ ಪಗಾರದ ಮೇಲೆಯೇ ಸಿಗಬೇಕು. ನಾನು ಆ ರಾತ್ರಿಯಿಂದಲೇ ಅಡುಗೆಮನೆಗೆ ಯಾವ ಬಣ್ಣ ಹೊಡೆಸಬೇಕೆಂದು ಯೋಚಿಸತೊಡಗಿದ್ದೆ. ಆಸೆಗೆ ಬಣ್ಣ ಆರಿಸುವುದು ಬಿಟ್ಟು ಬೇರೆ ಕೆಲಸವೇ ಇರುವುದಿಲ್ಲ ನೋಡಿ.

ಇನ್ನು ಆ ಕಾರ್ಡಿನ ಪುರಾಣ. ಕೆಲವು ವರ್ಷಗಳ ಹಿಂದೆ ನಾನು ದಿನಾ ಬಸ್ಸಿನಲ್ಲಿ ಯಮಕನಮರಡಿಯ ಶಾಲೆಗೆ ಹೋಗಿ ಬರುತ್ತಿದ್ದೆ. ಟೈ ಕಟ್ಟಿದ ಒಬ್ಬ ಸ್ಟಾಫ್ ರೂಮಿಗೆ ಬಂದು, ಪಗಾರದ ಚೀಟಿ ಇದ್ದರೆ ಸಾಕು, ಕಾರ್ಡು ಜನ್ಮಪೂರ್ತಿ ಪುಕ್ಕಟೆ ಎಂದ. ಪುಕ್ಕಟೆ ಎಂದರೆ ನಾವು ಮಾಸ್ತರರು ಕೈ ಚಾಚುವುದರಲ್ಲಿ ಹಿಂದೆ ಬಿದ್ದವರಲ್ಲ. ವಿಳಾಸದ ಜಾಗದಲ್ಲಿ ಅವನೇ ಶಾಲೆಯ ವಿಳಾಸ ಬರೆದುಕೊಂಡ. ಕಾರ್ಡು ಬಂದಾಗ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದೂ ಉಂಟು. ಆದರೆ ಅದನ್ನು ಉಜ್ಜುವ ಯಂತ್ರ ಹುಕ್ಕೇರಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಬೆಳಗಾವಿಗೆ ಹೋಗಿ ಒಂದು ಫ್ರಿಜ್ ತಂದೆವು. ಆಮೇಲೆ ತಿಂಗಳು ತಿಂಗಳು ಕಟ್ಟುತ್ತ ಬಂದು, ಕೊನೆಯ ಬಿಲ್ಲು ಬಂದಾಗ ಪೂರ್ತಿ ತೀರಿಸಿ ಕಾರ್ಡಿಗೆ ಕತ್ತರಿ ಹಾಕುವುದೆಂದು ಮಾತಾಯಿತು. ಚೆಕ್ಕು ನನ್ನದು. ಮೊತ್ತ ಬರೆದವರು ನಮ್ಮವರು. ನಾನು ಪೇಪರು ತಿದ್ದುತ್ತಿದ್ದೆ, ಸಹಿ ಮಾಡಿ ಕೊಟ್ಟೆ. ಮಕ್ಕಳ ಉತ್ತರದಲ್ಲಿ ಅರ್ಧ ಅಂಕಕ್ಕೆ ಕನ್ನಡಕ ಏರಿಸಿ ನೋಡುವ ನಾನು ನನ್ನ ಚೆಕ್ಕಿನ ಅಂಕಿ ನೋಡಲಿಲ್ಲ.

ನಮ್ಮವರು ನೂರಾಒಂದು ರೂಪಾಯಿ ಕಡಿಮೆ ಬರೆದಿದ್ದರು, ಬೇಕಂತಲೇ.

ಇದು ನಿಮಗೆ ಹುಚ್ಚು ಅನಿಸಬಹುದು. ಮೂಡಲಗಿಯಲ್ಲಿ ನಮ್ಮ ಮಾವನವರದು ಬಟ್ಟೆ ಅಂಗಡಿ. ಮಾಲೆಲ್ಲ ಗೋಕಾಕದಿಂದ ಉದ್ರಿಯ ಮೇಲೆ ಬರುತ್ತಿತ್ತು. ವರ್ಷಕ್ಕೊಮ್ಮೆ ಲೆಕ್ಕ ತೀರಿಸಲು ಹೋದಾಗ ಮಾವನವರು ಎಲ್ಲ ಕೊಟ್ಟು ಒಂದು ರೂಪಾಯಿ ಉಳಿಸಿ ಬರುತ್ತಿದ್ದರು. ಕೊಡುವವನು ಪೂರ್ತಿ ತೀರಿಸಬಾರದು, ಇಸಿದುಕೊಳ್ಳುವವನು ಪೂರ್ತಿ ಕೇಳಬಾರದು. ಪೂರ್ತಿ ತೀರಿಸಿದರೆ ಇನ್ನು ನಿನ್ನ ಬಾಗಿಲು ತುಳಿಯುವುದಿಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ಆ ಒಂದು ರೂಪಾಯಿಯನ್ನು ಗೋಕಾಕದ ಸಾಹುಕಾರರು ಎಂದೂ ಕೇಳುತ್ತಿರಲಿಲ್ಲ, ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದರು. ನಮ್ಮವರು ಅದೇ ಅಂಗಡಿಯಲ್ಲಿ ಬೆಳೆದವರು. ಕಾರ್ಡು ಕೊಟ್ಟ ಬ್ಯಾಂಕಿನವರು ದೊಡ್ಡ ಮಂದಿ, ಅವರಿಗೆ ಒಂದೇ ರೂಪಾಯಿ ಉಳಿಸಿದರೆ ಅವಮಾನವಾದೀತೆಂದು ನೂರಾಒಂದಕ್ಕೆ ಏರಿಸಿದ್ದರು.

ಯೋಚಿಸಿದರೆ ಇದರ ಬೇರು ಆಳಕ್ಕೆ ಹೋಗಿದೆ. ಮನುಷ್ಯ ಹುಟ್ಟುವಾಗಲೇ ದೇವರಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲಗಾರನಾಗಿ ಹುಟ್ಟುತ್ತಾನೆ ಎಂದು ಹಿರಿಯರು ಹೇಳಿದ್ದಾರೆ. ಅವರಲ್ಲಿ ಯಾರೂ ಕೊನೆಯ ತಾರೀಖು ಕೊಟ್ಟಿಲ್ಲ, ತಡವಾದದ್ದಕ್ಕೆ ದಂಡ ಹಾಕಿಲ್ಲ. ಎರಡು ಮನೆ ಕೂಡಿದರೆ ಋಣಾನುಬಂಧ ಎನ್ನುತ್ತೇವೆ. ಉಂಡ ಮನೆಯದು ಅನ್ನದ ಋಣ. ಇನ್ನು ಋಣ ತೀರಿತು ಎಂದು ನಾವು ಯಾವಾಗ ಅನ್ನುತ್ತೇವೆ ಹೇಳಿ? ಯಾರಾದರೂ ಸತ್ತಾಗ. ಇಂಥ ಮಾತಾಡುವ ಜನಕ್ಕೆ ಬಾಕಿ ಶೂನ್ಯ ಎಂಬ ಕಾಗದ ಸಾವಿನ ಸುದ್ದಿಯಂತೆ ಕಂಡರೆ ತಪ್ಪು ಯಾರದು? ಇದನ್ನೆಲ್ಲ ನಾನು ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ. ಆಗ ಮಾತ್ರ ನೂರಾಒಂದರ ಸಂಗತಿ ಕೇಳಿ, "ನಿಮಗ ಬುದ್ಧಿ ಐತೇನು?" ಎಂದು ಓಣಿಗೆ ಕೇಳುವ ಹಾಗೆ ಕಿರುಚಿದ್ದೆ.

ಆ ನೂರಾಒಂದರ ಮೇಲೆ ಬಡ್ಡಿ, ತಡವಾದದ್ದಕ್ಕೆ ದಂಡ, ದಂಡದ ಮೇಲೆ ತೆರಿಗೆ, ಅದೆಲ್ಲದರ ಮೇಲೆ ಮತ್ತೆ ಬಡ್ಡಿ. ಅಷ್ಟರಲ್ಲಿ ನನಗೆ ಹುಕ್ಕೇರಿಗೇ ವರ್ಗವಾಗಿತ್ತು. ಪತ್ರಗಳೆಲ್ಲ ಯಮಕನಮರಡಿಗೆ ಹೋಗುತ್ತಿದ್ದವು. ಅಲ್ಲಿ ಯಾರೂ ಅವನ್ನು ಹರಿಯಲಿಲ್ಲ, ಎಸೆಯಲಿಲ್ಲ. ಬ್ಯಾಂಕಿನ ಕಾಗದವೆಂದು ಗೌರವದಿಂದ ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿದ್ದರು.

ಮ್ಯಾನೇಜರ ಮಾತು ಕೇಳಿದ ಮರುದಿನ ನಾನೇ ಕಾರ್ಡಿನ ಕಂಪನಿಗೆ ಫೋನು ಮಾಡಿದೆ. ಇಷ್ಟು ವರ್ಷ ನಮ್ಮನ್ನು ಹುಡುಕುತ್ತಿದ್ದವರಿಗೆ ಮನೆಯ ಗುರುತು, ಓಣಿಯ ಹೆಸರು, ಬಸ್‌ಸ್ಟ್ಯಾಂಡಿನಿಂದ ಬರುವ ದಾರಿ ಎಲ್ಲ ಹೇಳಿದೆ. ಆಮೇಲೆ ದಿನಾ ಫೋನು. ಶಾಲೆಗೂ ಬರತೊಡಗಿತು. ಆ ಕಡೆಯವನು ಹಿಂದಿಯಲ್ಲಿ ಬೈಯುತ್ತಿದ್ದ, ಕಳ್ಳಿ ಎಂದ, ಮರ್ಯಾದೆಗೆಟ್ಟವಳು ಎಂದ. ಅವನ ವ್ಯಾಕರಣ ತಪ್ಪಿದಲ್ಲೆಲ್ಲ ನನ್ನ ಮನಸ್ಸು ತಾನಾಗಿ ತಿದ್ದುತ್ತಿತ್ತು, ಕಣ್ಣು ತಾನಾಗಿ ಅಳುತ್ತಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಪುಸ್ತಕ ನೋಡುವವರಂತೆ ತಲೆ ತಗ್ಗಿಸುತ್ತಿದ್ದರು. ಕನ್ನಡ ಮಾಸ್ತರರು ರಜೆ ಹಾಕಿದಾಗೆಲ್ಲ ಸಾಲ ಶೂಲ ಎಂಬ ಗಾದೆಯನ್ನು ಎಷ್ಟು ಸಲ ಮಕ್ಕಳಿಂದ ವಿಸ್ತರಿಸಿ ಬರೆಸಿದ್ದೇನೋ, ಅದರ ಅರ್ಥ ನನಗೆ ಗೊತ್ತಿರಲಿಲ್ಲ.

ವಸೂಲಿಗೆ ಒಂದು ರವಿವಾರ ಇಬ್ಬರು ಮೋಟರ್ ಸೈಕಲ್ ಮೇಲೆ ಬಂದರು. ಒಬ್ಬ ಬಾಗಿಲಲ್ಲೇ ನಿಂತು ದನಿ ಏರಿಸಿದ. ಅದು ಅವರ ಕೆಲಸದ ರೀತಿಯಂತೆ, ಓಣಿಗೆ ಕೇಳಬೇಕು. ನಮ್ಮವರು, "ಬರ್ರಿ, ಒಳಗ ಬರ್ರಿ, ಬಿಸಲಾಗ ಬಂದೀರಿ" ಎಂದು ಚಾಪೆ ಹಾಸಿದರು. ನೀರು ಕೊಟ್ಟರು, ಕರದಂಟು ಕೊಟ್ಟರು. ನಾನು ಚಹಾಕ್ಕೆ ಇಟ್ಟೆ. ಮನೆಗೆ ಬಂದವರಿಗೆ ಚಹಾ ಇಡದೆ ಇರುವುದು ನನಗೂ ಬರುವುದಿಲ್ಲ, ಬಂದದ್ದು ಜಪ್ತಿಗೇ ಆದರೂ.

"ಊರ ಯಾವುದು ತಮ್ಮಾ ನಿಂದು?" ಎಂದು ನಮ್ಮವರು ಕೇಳಿದರು.

"ಘೋಡಗೇರಿ ರೀ."

"ಘೋಡಗೇರ್ಯಾಗ ಯಾರ ಪೈಕಿ?"

ಪೈಕಿ ಹುಡುಕುತ್ತ ಹೋದರೆ ಅವನ ತಾಯಿಯ ತವರು ನಮ್ಮವರ ಸೋದರಮಾವನ ಮನೆಗೆ ಬಾಜೂ ಎಂದಾಯಿತು. ಅಷ್ಟು ಹೊತ್ತು ಕೂಗುತ್ತಿದ್ದವನು ಕಾಲು ಮಡಚಿ ಕೂತ. ನಮ್ಮವರು ನೂರಾಒಂದರ ಕಥೆ ಹೇಳಿದರು: "ಪೂರಾ ಚುಕ್ತಾ ಮಾಡಿದ್ರ ಚಲೋ ಕಾಣೂದಿಲ್ಲಂತ ಇಟ್ಟಿದ್ನಿ ನೋಡಪಾ." ಜೊತೆಗೆ ಬಂದವನು ಗಡಿಯಾರ ನೋಡುತ್ತಿದ್ದ. ಘೋಡಗೇರಿಯವನು ಮಾತ್ರ ನಗಲಿಲ್ಲ. "ನಮ್ಮಪ್ಪನೂ ಹಂಗ ಮಾಡ್ತಾನ್ರಿ ಮಾವಾರ. ನನಗ ತಿಳೀತೈತಿ. ಆದ್ರ ಇದನ್ನ ಬರ್ಯಾಕ ಇದರಾಗ ಜಾಗಾ ಇಲ್ರಿ" ಎಂದು ತನ್ನ ಕಾಗದ ತೋರಿಸಿದ. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿ, "ಅಕ್ಕಾರ, ಕಟ್ಟಿ ಬಿಡ್ರಿ. ನಾ ಬಿಟ್ರ ಬ್ಯಾರೆಯವರು ಬರ್ತಾರ. ಅವರು ಚಹಾ ಕುಡಿಯೂದಿಲ್ಲ" ಎಂದ.

ಕಟ್ಟಿದೆವು. ಮನೆಯ ಇಸಾರಕ್ಕೆಂದು ಕಾಕಾನಿಗೆ ಮುಂಗಡ ಕೊಡಲು ಕೂಡಿಟ್ಟಿದ್ದ ಹಣವದು. ಈ ಸಲ ಅಂಕಿಯನ್ನು ನಾನೇ ಬರೆದೆ, ಮೂರು ಸಲ ಓದಿದೆ. ಪೂರ್ತಿ ಮುಟ್ಟಿತೆಂಬ ರಸೀದಿ ಹಿಡಿದು ಬ್ಯಾಂಕಿಗೆ ಓಡಿದರೆ ಮ್ಯಾನೇಜರು ಮತ್ತೆ ಯಂತ್ರ ನೋಡಿದರು. ನಾನು ಈಗಲೂ ಸಾಲ ತೀರಿಸದವಳೇ. ಕಾರ್ಡಿನವರು ನಾವು ತಿಳಿಸಿದ್ದೇವೆ ಎಂದರು. ಎಲ್ಲರ ಸಾಲದ ಲೆಕ್ಕ ಇಡುವ ಮುಂಬೈಯವರು, ಕಾರ್ಡಿನವರು ತಿಳಿಸಿದರೆ ತಿದ್ದುತ್ತೇವೆ ಎಂದರು. ಮ್ಯಾನೇಜರು ತಿದ್ದಿದ ಮೇಲೆ ಬರ್ರಿ ಎಂದರು. ಸಿಟ್ಟಾದ ಅತ್ತೆ ಸೊಸೆಗೆ ಹೇಳಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಾಳಲ್ಲ, ಹಾಗೆ. ನಾನು ಪತ್ರ ಬರೆದೆ, ನೋಂದಾಯಿತ ಅಂಚೆಯಲ್ಲಿ ಕಳಿಸಿದೆ, ಇಂಗ್ಲಿಷ್ ಮಾಸ್ತರರಿಂದ ತಿದ್ದಿಸಿ ಮತ್ತೊಮ್ಮೆ ಕಳಿಸಿದೆ. ಬೈಯಲು ದಿನಾ ಫೋನು ಮಾಡುತ್ತಿದ್ದವರಲ್ಲಿ ಒಬ್ಬನಾದರೂ ಈಗ ಫೋನು ಮಾಡಬಾರದೇ ಎಂದು ಕಾಯುತ್ತ ಕೂತೆ.

ಪಾಡ್ಯ ಬಂತು, ಹೋಯಿತು. ಕಾಕಾ ಮತ್ತೊಂದು ತಿಂಗಳು ತಡೆದರು. ಒಂದು ಮುಂಜಾನೆ ಬಂದು, ಈ ಸಲ ಕೂಡದೆ, "ನನಗೂ ಉಪಾಯ ಇಲ್ಲ ಅಕ್ಕಾರ" ಎಂದಷ್ಟೇ ಹೇಳಿದರು. ಅವರ ಮೇಲೆ ಸಿಟ್ಟು ಮಾಡಲು ಬಹಳ ಪ್ರಯತ್ನಪಟ್ಟೆ, ಬರಲಿಲ್ಲ. ಮನೆಯನ್ನು ಗೋಕಾಕದ ಔಷಧ ವ್ಯಾಪಾರಿಯೊಬ್ಬರು ಕೊಂಡರು. ನಾವು ಬಸ್‌ಸ್ಟ್ಯಾಂಡಿನ ಹಿಂದಿನ ಎರಡು ಕೋಣೆಗೆ ಸಾಮಾನು ಸಾಗಿಸಿದೆವು. ಇಡೀ ಜಗಳಕ್ಕೆ ಮೂಲವಾದ ಫ್ರಿಜ್ ಅಲ್ಲಿನ ಬಾಗಿಲಲ್ಲಿ ಹಿಡಿಯಲಿಲ್ಲ, ಅದನ್ನು ಬಂದ ಬೆಲೆಗೆ ಮಾರಿದೆವು.

ನನ್ನನ್ನು ಹೆಚ್ಚು ಹಿಂಡಿದ್ದು ನಮ್ಮವರ ಮೌನ. ಸಂತೆಯಲ್ಲಿ ನಾಲ್ಕು ಹೆಜ್ಜೆ ನಡೆಯಲು ನಾಲ್ಕು ಮಂದಿಯನ್ನು ಮಾತಾಡಿಸುತ್ತಿದ್ದ ಮನುಷ್ಯ ತಲೆ ತಗ್ಗಿಸಿ ಹೋಗಿ ಬರತೊಡಗಿದರು. ಊಟಕ್ಕೆ ಕೂತರೆ ಎರಡನೆಯ ರೊಟ್ಟಿ ಬೇಡ ಎನ್ನುವರು. ನಾನು ಮತ್ತೊಮ್ಮೆ ಕಿರುಚಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ನನಗೆ ಕಿರುಚುವ ಶಕ್ತಿಯೂ ಉಳಿದಿರಲಿಲ್ಲ. ಒಂದು ದಿನ, "ತಪ್ಪು ನನ್ದ ಐತಿ" ಎಂದರು. ನಾನು ಪಲ್ಯ ಬಡಿಸಿದೆ. ಅಲ್ಲ ಎಂದು ಹೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ, ಹೌದು ಎಂದು ಹೇಳಲು ಬಾಯಿ ಬರಲಿಲ್ಲ.

ಬೇಸಿಗೆಯಲ್ಲಿ ಮ್ಯಾನೇಜರು ತಾವೇ ಕರೆಸಿದರು. ಮುಖದ ತುಂಬ ನಗು. "ನಿಮ್ಮ ಹೆಸರು ಸ್ವಚ್ಛ ಆತ್ರಿ ಅಕ್ಕಾರ. ಈಗ ಯಾವ ಮನಿ ಹೇಳ್ತೀರಿ, ಹೇಳ್ರಿ" ಎಂದರು. ಪಾಪ, ಒಳ್ಳೆಯವರು, ಪೇಢೆ ಬೇರೆ ತರಿಸಿದ್ದರು. ಒಂದು ತಿಂದು, ಥ್ಯಾಂಕ್ಸ್ ಹೇಳಿ, ಸ್ವಚ್ಛವಾದ ಹೆಸರನ್ನು ಹೊತ್ತು ಹೊರಗೆ ಬಂದೆ. ಕಾಲು ಅಭ್ಯಾಸಬಲದಿಂದ ಹಳೆಯ ಓಣಿಗೆ ತಿರುಗಿತು.

ಮನೆ ಕೆಡವುತ್ತಿದ್ದರು. ಹೊಸ ಮಾಲಕರು ಅಲ್ಲಿ ಮಳಿಗೆ ಕಟ್ಟಿಸುವವರಂತೆ. ಮುಂದಿನ ಗೋಡೆ ಆಗಲೇ ಬಿದ್ದಿತ್ತು. ಹೋಗಿ ಬರುವವರಿಗೆಲ್ಲ ನನ್ನ ಅಡುಗೆಮನೆ ಕಾಣುತ್ತಿತ್ತು, ಒಲೆಯ ಮೇಲಿನ ಗೋಡೆಯಲ್ಲಿ ಹದಿನೆಂಟು ವರ್ಷದ ಒಗ್ಗರಣೆಯ ಮಸಿ. ಮೈಮೇಲಿನ ಸೆರಗು ಜಾರಿದವಳಂತೆ ನಾಚಿಕೆಯಾಯಿತು. ಕಣ್ಣು ತುಂಬಿ ಅಲ್ಲೇ ನಿಂತುಬಿಟ್ಟೆ. ಗುದ್ದಲಿ ಹಿಡಿದವನೊಬ್ಬ ನನ್ನನ್ನು ನೋಡಿ ಕೆಲಸ ನಿಲ್ಲಿಸಿದ.

"ನಿಮ್ದೇನ್ರಿ ಅಕ್ಕಾರ ಈ ಮನಿ?"

"ಹೌದಪಾ, ನಮ್ದ" ಎಂದೆ. ಅವನು ಕಾಗದ ಕೇಳಲಿಲ್ಲ, ಮುಂಬೈಗೆ ವಿಚಾರಿಸಲಿಲ್ಲ. ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹಂಗಾರ ಈ ಅಡಗಿಮನಿ ಗ್ವಾಡಿ ಇವತ್ತ ಕೆಡವೂಣೇನ್ರಿ, ನಾಳೆ ಕೆಡವೂಣು?"

ಆ ಮನೆಯ ವಿಷಯದಲ್ಲಿ ಯಾರಾದರೂ ನನ್ನ ಅಪ್ಪಣೆ ಕೇಳಿದ್ದು ಅದೇ ಮೊದಲು. ಸೆರಗಿನಿಂದ ಮುಖ ಒರೆಸಿಕೊಂಡು, ಮಾಲಕಿಯ ದನಿಯಲ್ಲಿ ಹೇಳಿದೆ: "ಇವತ್ತ ಕೆಡವಪಾ. ಮಂದಿ ನೋಡಾಕತ್ತಾರ."